ಗೆಜ್ಜೆ ಕಟ್ಟಿದವರು, ಹಣೆಪಟ್ಟಿ ಕಟ್ಟಿದವರು



ಕುಣಿಯುವ, ಹಾಡುವ ಹೆಣ್ಣುಮಕ್ಕಳನ್ನು ಸಂದರ್ಶನ ಮಾಡುವವರು ಕೊನೆಗೊಮ್ಮೆ ಕೇಳಿಯೇ ಕೇಳುವ ಪ್ರಶ್ನೆ ಒಂದಿದೆ: “ನೀವು ಸ್ತ್ರೀವಾದಿಯೇ?” ನಮ್ಮ ಕಡೆಯ ಹೆಚ್ಚಿನ ಕಲಾವಿದೆಯರು “ಹಾಗೇನೂ ಇಲ್ಲ, ಮನೆಯವರ ಪ್ರೋತ್ಸಾಹ ಇದೆ, ದೇವರ ದಯೆ” ಎಂದು ಮಾತು ಮುಗಿಸುತ್ತಾರೆ. ಈ ಉತ್ತರ ಕೇಳಿ ಬೇಸರಪಡುವ ಸ್ತ್ರೀವಾದಿಗಳಿದ್ದಾರೆ. ಸಮಾಧಾನದ ಉಸಿರು ಬಿಡುವ ಸಂಘಟಕರೂ ಇದ್ದಾರೆ. ನಾನು ಸ್ತ್ರೀವಾದಿ ಎಂದು ಹೇಳಿಕೊಳ್ಳಲು ಹಿಂಜರಿಯುವವಳಲ್ಲ. ಆ ಚಿಂತನೆ ಇಲ್ಲದಿದ್ದರೆ ಈ ವೇದಿಕೆಯಲ್ಲಿ ನಿಂತು ಮಾತಾಡುವ ಅವಕಾಶವೇ ನನಗೆ ಸಿಗುತ್ತಿರಲಿಲ್ಲ. ಆದರೂ ಕಲಾವಿದೆಯ ಬಾಯಿಂದ ‘ಹೌದು’ ಎನ್ನಿಸುವ ಹಟ ನನಗೆ ಸರಿ ಕಾಣುವುದಿಲ್ಲ. ಹಣೆಪಟ್ಟಿಯನ್ನು ಕುಣಿಯುವವಳ ಹಣೆಗೆ ಕಟ್ಟಿದರೆ ಅವಳಿಗೆ ಅದೊಂದು ಹೆಚ್ಚಿನ ಹೊರೆ. ಅದೇ ಮಾತನ್ನು ಅವಳನ್ನು ಕುಣಿಸುವ ವ್ಯವಸ್ಥೆಯ ಮುಂದೆ ಪ್ರಶ್ನೆಯಾಗಿ ಇಟ್ಟರೆ ಅದರಿಂದ ಕೆಲಸವಾಗುತ್ತದೆ. ಇವತ್ತಿನ ನನ್ನ ಮಾತೆಲ್ಲ ಇಷ್ಟನ್ನು ಹೇಳುವುದಕ್ಕೆ.

ಇದನ್ನು ದೂರದ ಊರುಗಳ ಉದಾಹರಣೆಯಿಂದ ಹೇಳಬೇಕಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕುಗಳ ಒಳಗೇ ಬೇಕಾದಷ್ಟಿದೆ. ಸಿರಿ ಜಾತ್ರೆಯಿದೆ, ದೈವಗಳ ನೇಮವಿದೆ, ಯಕ್ಷಗಾನದ ಆಟವಿದೆ, ಶನಿವಾರ ಭಾನುವಾರದ ಭರತನಾಟ್ಯ ತರಗತಿಯಿದೆ. ಒಂದೊಂದರಲ್ಲೂ ಹೆಣ್ಣಿನ ಜಾಗ ಬೇರೆ.

ಸಿರಿಯಿಂದ ಆರಂಭಿಸುತ್ತೇನೆ. ಸಿರಿ ಯಾರು ಎಂದು ಈ ಸಭೆಗೆ ಹೇಳಬೇಕಾಗಿಲ್ಲ, ಆದರೆ ಅಚ್ಚಾಗುವ ಮಾತಾದ್ದರಿಂದ ಚುಟುಕಾಗಿ ಹೇಳಿಬಿಡುತ್ತೇನೆ. ಸತ್ಯನಾಪುರದ ಬೆರ್ಮು ಆಳ್ವರಿಗೆ ದೈವದ ಪ್ರಸಾದದಿಂದ ಹುಟ್ಟಿದ ಮಗಳು ಸಿರಿ. ಬಸ್ರೂರಿನ ಕಾಂತು ಪೂಂಜ ಅವಳ ಗಂಡ. ಬಸುರಿ ಹೆಂಡತಿಯ ಬಯಕೆಗೆಂದು ತಂದ ಸೀರೆಯನ್ನು ಅವನು ತನ್ನ ಸೂಳೆಯ ಮನೆಗೆ ಒಯ್ಯುತ್ತಾನೆ. ಅವಳು ಉಟ್ಟು ಬಿಚ್ಚಿಟ್ಟ ಸೀರೆಯನ್ನು ಸಿರಿ ಮುಟ್ಟುವುದಿಲ್ಲ. ಮುಂದೆ ಅವಳು ತಾನಾಗಿ ಗಂಡನನ್ನು ಬಿಡುತ್ತಾಳೆ, ಕೂಸನ್ನೂ ದಾಸಿ ದಾರುವನ್ನೂ ಕರೆದುಕೊಂಡು ಹೊರಡುತ್ತಾಳೆ, ಮರಳಿ ಮದುವೆಯಾಗುತ್ತಾಳೆ. ಅವಳ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ. ಚೆನ್ನೆಮಣೆ ಆಡುತ್ತಾ ಜಗಳ ಹುಟ್ಟಿ ಸತ್ತ ಅಕ್ಕತಂಗಿಯರು. ಊರೂರಿಗೆ ಪಾಠ ಬೇರೆಯಾಗುತ್ತದೆ, ಕಥೆಯ ಬೆನ್ನೆಲುಬು ಇದೇ.

ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಈ ಕಥೆಯನ್ನು ದಿನಗಟ್ಟಲೆ ಹಾಡಿದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಅವರ ಜೊತೆ ಸೇರಿ 1990ರಲ್ಲಿ ಅದನ್ನು ಧ್ವನಿಮುದ್ರಿಸಿದರು. 15,683 ಸಾಲುಗಳ ಆ ಪಾಠ 1998ರಲ್ಲಿ ಹೆಲ್ಸಿಂಕಿಯಲ್ಲಿ ಪುಸ್ತಕವಾಯಿತು. ಆಮೇಲೆ ವಿಚಾರ ಸಂಕಿರಣಗಳಲ್ಲಿ ಸಿರಿಗೆ ಹಣೆಪಟ್ಟಿ ಬಂತು: ತುಳುನಾಡಿನ ಸ್ತ್ರೀವಾದಿ ನಾಯಕಿ. ಕಥೆಯನ್ನಷ್ಟೇ ಇಟ್ಟುಕೊಂಡರೆ ಆ ಮಾತಿನಲ್ಲಿ ತಪ್ಪಿಲ್ಲ. ಗಂಡನ ಮನೆಯಿಂದ ತಲೆಯೆತ್ತಿ ನಡೆದುಹೋದ ಹೆಣ್ಣನ್ನು ದೈವವೆಂದು ನಂಬಿದ ನಾಡು ನಮ್ಮದು, ಅದು ಸಣ್ಣ ಸಂಗತಿಯಲ್ಲ.

ಈಗ ಬೆಳ್ತಂಗಡಿ ತಾಲೂಕಿನ ನಿಡ್ಗಲ್‌ನಂಥ ಕಡೆ ಸಿರಿ ಜಾತ್ರೆಯ ರಾತ್ರಿ ಏನಾಗುತ್ತದೆ ನೋಡಿ. ಹೆಂಗಸರು ಸಾಲಾಗಿ ನಿಂತಿರುತ್ತಾರೆ, ಕೈಯಲ್ಲಿ ಹಿಂಗಾರದ ಗೊನೆ. ಹಾಡು ಏರುತ್ತಿದ್ದಂತೆ ಮೈ ತೂಗುತ್ತದೆ, ಕೂದಲು ಬಿಚ್ಚಿಕೊಳ್ಳುತ್ತದೆ, ಹಿಂಗಾರ ಮುಖಕ್ಕೆ ಬಡಿದು ಉದುರುತ್ತದೆ. ಸಿರಿಯ ಮಗ ಕುಮಾರನಾದ ಗಂಡಸು ಬಂದು ಒಬ್ಬೊಬ್ಬಳನ್ನೇ ನೀನು ಯಾರು ಎಂದು ವಿಚಾರಿಸುತ್ತಾನೆ. ಹೊಸದಾಗಿ ಬಂದವಳಿಗೆ ಬೇಗ ಮಾತು ಬರುವುದಿಲ್ಲ. ಅವಳ ಗಂಡ, ಅತ್ತೆ, ತಮ್ಮ ಪಕ್ಕದಲ್ಲಿ ಕೈಮುಗಿದು ನಿಂತಿರುತ್ತಾರೆ. ಮನೆಯಲ್ಲಿ ಆಡಲಾಗದ ಸಂಕಟವನ್ನು ಅವಳು ಅಲ್ಲಿ ಸಿರಿಯಾಗಿಯೋ ಸೊನ್ನೆಯಾಗಿಯೋ ಆಡುತ್ತಾಳೆ. ಮನೆಯವರು ಕೇಳಿಸಿಕೊಳ್ಳಲೇಬೇಕು, ಏಕೆಂದರೆ ಮಾತಾಡುತ್ತಿರುವುದು ದೈವ. ಬೆಳಗಾದ ಮೇಲೆ ಅವಳು ಅದೇ ಮನೆಗೆ ಹೋಗುತ್ತಾಳೆ. ಬೀಡಿ ಸುತ್ತುವವಳಾದರೆ ಮಧ್ಯಾಹ್ನದ ಹೊತ್ತಿಗೆ ತಡ್ಪೆ ಮತ್ತೆ ಮಡಿಲೇರುತ್ತದೆ.

ಇವಳನ್ನು ಸ್ತ್ರೀವಾದಿ ಎನ್ನೋಣವೇ? ಕೇಳಿದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಕ್ಕಿಲ್ಲ. ಭಕ್ತೆ ಎಂದಷ್ಟೇ ಹೇಳಿ ಸುಮ್ಮನಾಗೋಣವೇ? ಆಗ ಅವಳ ಸಂಕಟ ನಮಗೆ ಕಾಣದೆ ಹೋಗುತ್ತದೆ. ಸ್ತ್ರೀವಾದ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಹೆಣ್ಣೊಬ್ಬಳು ತನ್ನ ಮನೆಯಲ್ಲಿ ತನ್ನದೇ ಹೆಸರಿನಲ್ಲಿ ಮಾತಾಡಿದರೆ ಕೇಳುವವರಿಲ್ಲ, ಸಿರಿಯ ಹೆಸರಿನಲ್ಲಿ ಮಾತಾಡಿದರೆ ಕೇಳುತ್ತಾರೆ, ಹೀಗೇಕೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಪಕ್ಕದಲ್ಲಿ ಕೈಮುಗಿದು ನಿಂತವರು. ಪಟ್ಟಿ ಕಟ್ಟುವ ಉತ್ಸಾಹದಲ್ಲಿ ನಾವು ಅವರನ್ನು ಬಿಟ್ಟು ಅವಳನ್ನು ಹಿಡಿದುಕೊಳ್ಳುತ್ತೇವೆ.

ನೇಮದ ಸಂಗತಿಯನ್ನೂ ಇಲ್ಲಿಯೇ ಹೇಳುತ್ತೇನೆ. ದೈವ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯಗಳ ಗಂಡಸರು. ಅವರು ಮುಖಕ್ಕೆ ಅರದಾಳ ಬಳಿದುಕೊಳ್ಳುವಾಗ ಪಕ್ಕದಲ್ಲಿ ಕುಳಿತು ತೆಂಬರೆ ಬಾರಿಸುತ್ತಾ ಸಂಧಿ ಹೇಳುವವಳು ತಾಯಿಯೋ ಹೆಂಡತಿಯೋ ಆಗಿರುತ್ತಾಳೆ. ದೈವದ ಹುಟ್ಟು, ಅದು ಬಂದ ದಾರಿ, ನೆಲೆಯಾದ ಗುತ್ತು ಎಲ್ಲವೂ ಅವಳ ಬಾಯಲ್ಲಿವೆ. ಅವಳ ಪಾಡ್ದನವಿಲ್ಲದೆ ದೈವ ಎದ್ದು ನಿಲ್ಲುವಂತಿಲ್ಲ. ಆದರೆ ಮಹಿಳೆ ಮತ್ತು ನೃತ್ಯ ಎಂಬ ಗೋಷ್ಠಿಗಳಲ್ಲಿ ಅವಳ ಹೆಸರು ಬರುವುದನ್ನು ನಾನು ಕೇಳಿಲ್ಲ. ಅವಳು ಕುಣಿಯುವುದಿಲ್ಲ, ವೇದಿಕೆಯ ಮೇಲಿಲ್ಲ, ಅವಳ ಜಾತಿ ನಮ್ಮ ಆಮಂತ್ರಣ ಪತ್ರಿಕೆಯವರೆಗೆ ಬರುವುದಿಲ್ಲ. ಹಣೆಪಟ್ಟಿ ಕಟ್ಟುವ ನಾವು ಯಾರನ್ನು ಬಿಟ್ಟಿದ್ದೇವೆ ಎಂದು ನೋಡಿಕೊಳ್ಳುವುದು ಸ್ತ್ರೀವಾದದ್ದೇ ಕೆಲಸ.

ಇನ್ನು ಮೂಡುಬಿದಿರೆ. ಸಾವಿರ ಕಂಬದ ಬಸದಿ ನೋಡಲು ಬಂದವರು ಚೌಟರ ಅರಮನೆಗೂ ಹೋಗಬೇಕು. ಅಲ್ಲಿನ ಮರದ ಕಂಬಗಳಲ್ಲಿ ನವನಾರಿ ಕುಂಜರವಿದೆ, ಪಂಚನಾರಿ ತುರಗವಿದೆ. ಒಂಬತ್ತು ಹೆಣ್ಣುಗಳ ಮೈ ಬಾಗಿ, ಹೆಣೆದುಕೊಂಡು ಆನೆಯಾಗಿದೆ. ಐದು ಹೆಣ್ಣುಗಳ ಮೈ ಸೇರಿ ಕುದುರೆಯಾಗಿದೆ. ಇದನ್ನು ಅರಸರ ವಿಲಾಸ ಎನ್ನುವವರಿದ್ದಾರೆ, ಹೆಣ್ಣುಮಕ್ಕಳ ಒಗ್ಗಟ್ಟಿನ ಸಂಕೇತ ಎನ್ನುವವರೂ ಇದ್ದಾರೆ. ಎರಡೂ ದೂರದಿಂದ ಬರುವ ಮಾತು. ಹತ್ತಿರ ಹೋಗಿ ಕೆಳಗಿನವಳ ಮಂಡಿಯನ್ನೂ, ನಡುವಿನವಳ ಬಾಗಿದ ಬೆನ್ನನ್ನೂ ನೋಡಿ. ಮೈಯ ಭಾರ ಎಲ್ಲಿ ಬೀಳುತ್ತದೆ, ಯಾವ ಕಾಲು ಊರಿದರೆ ಯಾವ ಕೈ ಬಿಡುವಾಗುತ್ತದೆ ಎಂದು ಬಲ್ಲವನೇ ಇದನ್ನು ಕೆತ್ತಿದ್ದಾನೆ. ಪಳಗಿದ ಮೈಗಳನ್ನು ಕಣ್ಣಾರೆ ಕಾಣದವನ ಉಳಿಗೆ ಇದು ದಕ್ಕುವಂಥದ್ದಲ್ಲ. ಇದೇ ಊರಿನ ರತ್ನಾಕರವರ್ಣಿ 16ನೇ ಶತಮಾನದಲ್ಲಿ ‘ಭರತೇಶ ವೈಭವ’ ಬರೆದಾಗ ಪೂರ್ವನಾಟಕ, ಉತ್ತರನಾಟಕ ಎಂದು ಸಂಧಿಗಳನ್ನೇ ನೃತ್ಯಕ್ಕೆ ಕೊಟ್ಟ. ಭರತನ ಸಭೆಯಲ್ಲಿ ಹೆಣ್ಣುಗಳು ಕುಣಿಯುತ್ತಾರೆ, ಕವಿ ಹೆಜ್ಜೆ, ನೋಟ, ತಾಳಗಳನ್ನು ಎಣಿಸಿ ಎಣಿಸಿ ಬಣ್ಣಿಸುತ್ತಾನೆ. ವಿದ್ಯೆಯೇನೋ ಅವರದ್ದು, ಕಂಬದಲ್ಲಾಗಲಿ ಕಾವ್ಯದಲ್ಲಾಗಲಿ ನಿಜವಾಗಿ ಕುಣಿದ ಯಾವ ಹೆಣ್ಣಿನ ಹೆಸರೂ ನಮಗೆ ಉಳಿದಿಲ್ಲ.

ಆ ವಿದ್ಯೆ ಹೆಣ್ಣುಮಕ್ಕಳ ಕೈತಪ್ಪಿದ ಕಥೆಯಲ್ಲಿ ಹಣೆಪಟ್ಟಿಯ ಪಾತ್ರವೂ ಇದೆ. 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅಲ್ಲಿನ ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1927ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ನಿರ್ಣಯ ತಂದರು. ಕಾಯಿದೆಯಾಗಲು 1947 ಬರಬೇಕಾಯಿತು. ಎಳೆ ಹುಡುಗಿಯರನ್ನು ದೇವಸ್ಥಾನಕ್ಕೆ ಬಿಡುವುದನ್ನು ತಡೆದ ಆ ಕಾಯಿದೆಯನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಆದರೆ ಅದನ್ನು ವಿರೋಧಿಸಿದವರಲ್ಲಿ ನಂಜನಗೂಡಿನ ಕಡೆಯಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಇದ್ದರು. ತೆಲುಗು ಕವಯಿತ್ರಿ ಮುದ್ದುಪಳನಿಯ ಕಾವ್ಯವನ್ನು 1910ರಲ್ಲಿ ಅಚ್ಚು ಹಾಕಿಸಿ ಸರ್ಕಾರದ ಕೋಪಕ್ಕೆ ಗುರಿಯಾದವರು, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು. ನಮ್ಮನ್ನೆಲ್ಲ ವೇಶ್ಯೆಯರೆಂದು ಒಂದೇ ಮಾತಿನಲ್ಲಿ ಹೇಳಿ, ನಮ್ಮ ವಿದ್ಯೆಯನ್ನೂ ಆಸ್ತಿಯ ಹಕ್ಕನ್ನೂ ಒಟ್ಟಿಗೆ ಕಿತ್ತುಕೊಳ್ಳಬೇಡಿ ಎಂಬುದು ಅವರ ಪಕ್ಷದ ವಾದವಾಗಿತ್ತು. ಇವರಿಬ್ಬರಲ್ಲಿ ಸ್ತ್ರೀವಾದಿ ಯಾರು? ಸುಧಾರಣೆ ತಂದವರೋ, ಕುಣಿದು ಹಾಡಿ ಬದುಕಿದವರೋ? ನಾನು ಇಬ್ಬರನ್ನೂ ಬಿಟ್ಟುಕೊಡುವುದಿಲ್ಲ. ಮುಂದೆ ಆದದ್ದು ನಮಗೆ ಗೊತ್ತು. ರುಕ್ಮಿಣಿ ದೇವಿ 1936ರಲ್ಲಿ ಕಲಾಕ್ಷೇತ್ರ ಕಟ್ಟಿದರು, ಭರತನಾಟ್ಯ ಗೃಹಸ್ಥರ ಮನೆಯ ಹುಡುಗಿಯರಿಗೆ ತೆರೆದುಕೊಂಡಿತು. ಅದನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಮನೆತನದ ಹುಡುಗಿಯರಲ್ಲಿ ಬಾಲಸರಸ್ವತಿಯವರಂಥ ಕೆಲವರನ್ನು ಬಿಟ್ಟರೆ ಉಳಿದವರಿಗೆ ಬಾಗಿಲು ಮುಚ್ಚಿತು.

ನಮ್ಮ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಇಲ್ಲಿ ನೆನೆಯಲೇಬೇಕು. ಮರ್ಯಾದಸ್ಥ ಹೆಣ್ಣು ರಂಗಕ್ಕೆ ಹೋಗಬಾರದು ಎನ್ನುತ್ತಿದ್ದ ಕಾಲದಲ್ಲಿ ಅವರು ನಟಿಸಿದರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಅಲ್ಪ ಮತಗಳ ಅಂತರದಿಂದ ಸೋತರು. ಅಖಿಲ ಭಾರತ ಮಹಿಳಾ ಪರಿಷತ್ತನ್ನು ಕಟ್ಟುವುದರಲ್ಲಿ ದುಡಿದರು. ಮುಂದೆ ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷೆಯಾದರು, ಬೆಂಗಳೂರಿನಲ್ಲಿ ಕಥಕ್ ಕಲಿಸುವ ಸಂಸ್ಥೆ ಕಟ್ಟಿದರು. ಅವರು ತಮ್ಮನ್ನು ಏನೆಂದು ಕರೆದುಕೊಂಡರು ಎಂಬುದಕ್ಕಿಂತ, ಕರಕುಶಲದವರಿಗೂ ಕಲಾವಿದರಿಗೂ ಸಂಸ್ಥೆ, ಸಂಬಳ, ಮಾರುಕಟ್ಟೆ ಬೇಕೆಂದು ಜೀವಮಾನವೆಲ್ಲ ಓಡಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಈಗ ನಮ್ಮ ಮನೆಮಾತಿಗೆ, ಆಟಕ್ಕೆ ಬರುತ್ತೇನೆ.

ತೆಂಕುತಿಟ್ಟಿನಲ್ಲಿ ಹೆಣ್ಣು ಎಂದರೆ ಬಹುಕಾಲ ಗಂಡು ಕಟ್ಟಿದ ಹೆಣ್ಣು. ಅದರಲ್ಲಿ ಮೇರುಗಳಾದವರು ಇದ್ದಾರೆ. ಕೋಳ್ಯೂರು ರಾಮಚಂದ್ರ ರಾಯರ ದಾಕ್ಷಾಯಿಣಿ, ಚಂದ್ರಮತಿಯನ್ನು ಕಂಡವರು ಇವತ್ತಿಗೂ ಕಣ್ಣೊದ್ದೆ ಮಾಡಿಕೊಳ್ಳುತ್ತಾರೆ. ಉಪ್ಪಿನಂಗಡಿ ಕಡೆಯ ಪಾತಾಳ ವೆಂಕಟರಮಣ ಭಟ್ಟರು ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ಬಂದು ಸ್ತ್ರೀವೇಷದ ಉಡುಗೆ, ಆಭರಣವನ್ನೇ ಹೊಸದಾಗಿ ರೂಪಿಸಿದರು. ಇದನ್ನು ಹೆಣ್ಣಿನ ಅವಕಾಶ ಕಸಿದ ಕಲೆ ಎಂದು ತಳ್ಳಿಹಾಕುವ ಒಂದು ಸ್ತ್ರೀವಾದಿ ಓದು ಇದೆ. ನನಗೆ ಅದು ಸಾಲದು. ಪಾತಾಳರು ಮಾಡಿದ್ದು ಅಧ್ಯಯನ. ಹೆಣ್ಣಿನ ನಿಲುವನ್ನು ಅಷ್ಟು ಗಮನಿಸಿ ನೋಡಿದ ಗಂಡಸರು ಕಲೆಯ ಹೊರಗೆ ಎಷ್ಟು ಮಂದಿ ಸಿಕ್ಕಾರು? ಆದರೆ ಒಂದು ಸಂಗತಿ ಉಳಿಯುತ್ತದೆ. ಅವರು ಹೋದದ್ದು ಕಲ್ಲಿನ ಹೆಣ್ಣಿನ ಹತ್ತಿರ. ಕಲಿತು ಕುಣಿಯಬಲ್ಲ ಜೀವಂತ ಹೆಣ್ಣು ಆಗ ರಂಗಸ್ಥಳದ ಹೊರಗೆ, ಚಾಪೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಆಟ ನೋಡುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ದೇವಿ ಮಹಾತ್ಮೆ. ಹರಕೆಯ ಆಟ ಆಡಿಸುವವರು ನಮ್ಮಲ್ಲಿ ಹೆಚ್ಚಾಗಿ ಕೇಳುವ ಪ್ರಸಂಗ ಅದು. ಮೂಡುಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು, 2023ರಲ್ಲಿ ನಮ್ಮನ್ನಗಲಿದವರು, ಅದನ್ನು ಐದು ದಿನ ಆಡುವಷ್ಟು ವಿಸ್ತಾರಕ್ಕೆ ಬರೆದರು. ಉಯ್ಯಾಲೆಯಲ್ಲಿ ಕುಳಿತ ದೇವಿಗೆ ಊರಿನ ಹೆಂಗಸರು ನಿಂತಲ್ಲೇ ಕೈ ಮುಗಿಯುತ್ತಾರೆ. ಆ ವೇಷ ಕಟ್ಟಿದವನು ಗಂಡಸು ಎಂದು ಅವರಿಗೆ ಗೊತ್ತು, ಭಕ್ತಿಗೆ ಅದು ಅಡ್ಡಬರುವುದಿಲ್ಲ. ಮಾರ್ಚ್ ತಿಂಗಳ ಮಹಿಳಾ ದಿನಾಚರಣೆಗಳಲ್ಲಿ ನಾವು ದೇವಿಯನ್ನೇ ಸ್ತ್ರೀಶಕ್ತಿ ಎಂದು ಕರೆದು ನೃತ್ಯರೂಪಕ ಮಾಡಿಸುತ್ತೇವೆ. ಹುಡುಗಿ ತ್ರಿಶೂಲ ಹಿಡಿದು ಮಹಿಷನ ಎದೆಯ ಮೇಲೆ ಕಾಲಿಟ್ಟರೆ ಚಪ್ಪಾಳೆ ಬೀಳುತ್ತದೆ, ಕಾರ್ಯಕ್ರಮಕ್ಕೆ ಸ್ತ್ರೀವಾದಿ ಎಂಬ ಹೆಸರೂ ಸುಲಭವಾಗಿ ಬರುತ್ತದೆ. ಆ ಹುಡುಗಿಯೇ ಮರುವರ್ಷ ಹರಕೆ ಮೇಳದಲ್ಲಿ ದೇವಿಯಾಗುತ್ತೇನೆ ಎಂದರೆ ಯಾವ ಯಜಮಾನರು ಒಪ್ಪುತ್ತಾರೆ? ಮಡಿ, ಮುಟ್ಟು, ಚೌಕಿ, ರಾತ್ರಿಯ ಪ್ರಯಾಣ ಎಂದು ಕಾರಣಗಳ ಸಾಲು ಬರುತ್ತದೆ. ದೇವಿಯನ್ನು ಹೊಗಳುವುದಕ್ಕೆ ಯಾರೂ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಹುಡುಗಿಗೆ ಮೇಳದಲ್ಲಿ ಒಂದು ಪೆಟ್ಟಿಗೆ ಇಡಲು ಜಾಗ ಕೊಡುವುದಾದರೆ ಒಂದಿಷ್ಟು ಬಿಟ್ಟುಕೊಡಬೇಕಾಗುತ್ತದೆ.

ಈ ಜಾಗ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಣ್ಣ ಹಚ್ಚುವ ಚೌಕಿಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಕ್ರಮವಿದೆ. ಗಣಪತಿಯ ಎದುರು ದೀಪ, ಎರಡೂ ಬದಿಯಲ್ಲಿ ಯೋಗ್ಯತೆ ಮತ್ತು ವೇಷಕ್ಕೆ ತಕ್ಕಂತೆ ಸಾಲು. ಕೋಡಂಗಿ ಕುಣಿಯುವ ಹುಡುಗ ವರ್ಷ ವರ್ಷ ದುಡಿದು, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ, ಪುಂಡುವೇಷ ದಾಟಿ, ಆ ಸಾಲಿನಲ್ಲಿ ಮೇಲಕ್ಕೆ ಹೋಗುತ್ತಾನೆ. ನೋಡಿ, ಕೇಳಿ, ಬೈಸಿಕೊಂಡು ಕಲಿಯುವ ಶಾಲೆ ಅದು. ಈಚೆಗೆ ಬೆಳ್ತಂಗಡಿ ತಾಲೂಕಿನ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿಯರ ಆಟದ ಬಣ್ಣ ಹಚ್ಚುವ ಹೊತ್ತಿಗೆ ನಾನು ಅಲ್ಲಿದ್ದೆ. ತರಗತಿಯ ಕೋಣೆಗೆ ಅಡ್ಡಲಾಗಿ ಹಳೆಯ ಸೀರೆ ಕಟ್ಟಿ ಎರಡು ಭಾಗ ಮಾಡಿದ್ದರು. ಕಿರೀಟದ ವೇಷ ಕಟ್ಟುವ ಹುಡುಗಿಯ ಜಡೆ ಉದ್ದ. ಅದನ್ನು ಸುತ್ತಿ ನೆತ್ತಿಗೆ ಏರಿಸಿ, ಮೇಲಿಂದ ಬಟ್ಟೆ ಬಿಗಿದರೂ ಕಿರೀಟ ಒಂದು ಬದಿಗೆ ವಾಲುತ್ತಿತ್ತು. ವೇಷ ಕಟ್ಟುವವರು ಪಳಗಿದ ಕೈ, ವಯಸ್ಸಾದವರು. “ಜಡೆಯನ್ನು ಹಿಂದೆ ಕೆಳಗೆ ಬಿಡು ಮಗಾ, ಕೇಸರಿಯ ಒಳಗೆ ಹೋಗುತ್ತದೆ” ಎಂದು ಬಿಚ್ಚಿಸಿ, ಮರಳಿ ಕಟ್ಟಿದರು. ಹಗ್ಗ ಬಿಗಿದಾಗ ಹುಡುಗಿಯ ಕಣ್ಣಲ್ಲಿ ನೀರು ಬಂತು, “ಸಾಕಾ?” ಎಂದು ಅವರು ಕೇಳಿದರೆ “ಇನ್ನೂ ಬಿಗಿ ಮಾಡಿ, ಧೀಂಗಿಣ ಹಾಕ್ಲಿಕ್ಕುಂಟು” ಎಂದಳು. ಆಕೆ ರಂಗಸ್ಥಳಕ್ಕೆ ಹೋಗಿ ಸುತ್ತು ಹಾರಿದಾಗ ಕಿರೀಟ ಕದಲಲಿಲ್ಲ. ಹೆಣ್ಣುಮಕ್ಕಳ ತಲೆಗೆ ಕಿರೀಟ ಕಟ್ಟುವ ಈ ಕಸುಬು ಆ ಹಿರಿಯರ ಬೆರಳುಗಳಿಗೆ ಎಷ್ಟೋ ಮಕ್ಕಳ ತಲೆ ನೋಡಿದ ಮೇಲೆ ಬಂದಿದೆ. ಅವರು ತಮ್ಮನ್ನು ಸ್ತ್ರೀವಾದಿ ಎಂದು ಕನಸಿನಲ್ಲೂ ಹೇಳಿಕೊಳ್ಳಲಿಕ್ಕಿಲ್ಲ. ನನ್ನ ಲೆಕ್ಕದಲ್ಲಿ ಅವರದ್ದು ಸ್ತ್ರೀವಾದಿ ಕೆಲಸ.

ಲೀಲಾವತಿ ಬೈಪಾಡಿತ್ತಾಯರ ವಿಷಯವನ್ನು ಈ ಬೆಳಕಿನಲ್ಲಿ ನೋಡಬೇಕು ಎನ್ನುವುದು ನನ್ನ ಆಸೆ. 1947ರಲ್ಲಿ ಮಧೂರಿನಲ್ಲಿ ಹುಟ್ಟಿದವರು. ಶಾಸ್ತ್ರೀಯ ಸಂಗೀತ ಕಲಿತವರು. ಮದುವೆಯಾದ ಮೇಲೆ ಪತಿ, ಚೆಂಡೆ ಮದ್ದಳೆಯ ವಿದ್ವಾಂಸ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆಗೆ ತಿರುಗಿದರು. ಬೆಳ್ತಂಗಡಿ ತಾಲೂಕಿನ ಅಳದಂಗಡಿಯ ಮೇಳವೂ ಸೇರಿದಂತೆ ವೃತ್ತಿಮೇಳಗಳಲ್ಲಿ ರಾತ್ರಿಯಿಡೀ ಹಾಡಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಭಾಗವತನೆಂದರೆ ಆಟದ ಮೊದಲ ವೇಷ ಎಂಬ ಮಾತಿದೆ. ಪ್ರಸಂಗವನ್ನು ಎಳೆಯಬೇಕೋ ಮೊಟಕು ಮಾಡಬೇಕೋ, ಯಾವ ವೇಷಧಾರಿಗೆ ಎಷ್ಟು ಪದ್ಯ, ಎಲ್ಲವೂ ಜಾಗಟೆ ಹಿಡಿದವರ ತೀರ್ಮಾನ. ಕಿರೀಟದ ವೇಷವೂ ಆ ಕಡೆಗೊಮ್ಮೆ ನೋಡಿಯೇ ಕುಣಿಯಬೇಕು. ಆ ಜಾಗದಲ್ಲಿ ಒಬ್ಬ ಹೆಣ್ಣು ಕುಳಿತದ್ದು ರಂಗಸ್ಥಳದ ಅಧಿಕಾರದ ಸಾಲನ್ನೇ ಬದಲಾಯಿಸಿದ ಸಂಗತಿ.

ಅವರಿಗೆ ನಾವು ಕಟ್ಟಿದ ಪಟ್ಟಿ: ಪ್ರಥಮ ಮಹಿಳಾ ಭಾಗವತೆ. ಸನ್ಮಾನಪತ್ರದಲ್ಲಿ, ಪರಿಚಯದ ಮಾತಿನಲ್ಲಿ, ಕೊನೆಗೆ ಶ್ರದ್ಧಾಂಜಲಿಯಲ್ಲಿ, ಎಲ್ಲ ಕಡೆಯೂ ಅದೇ. ಸುಳ್ಳಲ್ಲ, ಗೌರವದ ಮಾತೇ. ಆದರೆ ಒಬ್ಬ ಗಂಡು ಭಾಗವತರ ಬಗ್ಗೆ ನಾವು ಹೇಗೆ ಮಾತಾಡುತ್ತೇವೆ? ಅವರ ಕಂಠ, ಅವರ ರಾಗದ ಆಯ್ಕೆ, ಪದ್ಯ ಎತ್ತಿಕೊಡುವ ರೀತಿ, ಯಾವ ಪ್ರಸಂಗ ಅವರ ಕೈಯಲ್ಲಿ ಹೇಗೆ ಕಳೆಗಟ್ಟುತ್ತದೆ ಎಂದು ರಾತ್ರಿ ಬೆಳಗು ಮಾಡಿ ಚರ್ಚಿಸುತ್ತೇವೆ. ಲೀಲಾವತಿಯವರ ಹಾಡುಗಾರಿಕೆಯ ಬಗ್ಗೆ ಅಂಥ ಚರ್ಚೆ ಎಷ್ಟು ನಡೆಯಿತು? ಶ್ರುತಿಯ ವಿಷಯವನ್ನೇ ತೆಗೆದುಕೊಳ್ಳಿ. ಮದ್ದಳೆಯನ್ನು ಭಾಗವತರ ಶ್ರುತಿಗೆ ಹೊಂದಿಸಬೇಕು. ಹೆಣ್ಣುಕಂಠದ ಶ್ರುತಿ ಬೇರೆ. ಚೆಂಡೆಯ ಅಬ್ಬರದ ಮುಂದೆ ಆ ಕಂಠ ಎಲ್ಲಿ ನಿಲ್ಲಬೇಕು, ವೀರರಸದ ಪದ್ಯದಲ್ಲಿ ಅದು ಕಿರುಚಾಗದೆ ಏರುವುದು ಹೇಗೆ, ಇವು ಆ ದಂಪತಿ ರಾತ್ರಿ ರಾತ್ರಿ ಬಿಡಿಸಿದ ಸಮಸ್ಯೆಗಳು. ಬರೆದಿಟ್ಟಿದ್ದರೆ ಇವತ್ತು ಹಾಡುತ್ತಿರುವ ಕಾವ್ಯಶ್ರೀ ಅಜೇರು, ಭವ್ಯಶ್ರೀ ಮಂಡೆಕೋಲು, ಅಮೃತಾ ಅಡಿಗ ಅಂಥವರಿಗೂ, ಅವರ ಹಿಂದೆ ಬರುವವರಿಗೂ ಅದು ಪಠ್ಯವಾಗುತ್ತಿತ್ತು. ‘ಪ್ರಥಮ’ ಎಂದು ಹೇಳಿ ನಾವು ನಮ್ಮ ಕೆಲಸ ಮುಗಿಯಿತು ಎಂದುಕೊಂಡೆವು. ಅವರ ಕಲೆಯ ವಿಮರ್ಶೆ ಬಾಕಿ ಉಳಿಯಿತು. ಒಬ್ಬ ಕಲಾವಿದೆಗೆ ವಿಮರ್ಶೆ ಸಿಗದಿರುವುದು ಅವಮಾನಕ್ಕೆ ಹತ್ತಿರದ ಸಂಗತಿ ಎಂದು ನಾನು ಗಂಭೀರವಾಗಿಯೇ ಹೇಳುತ್ತೇನೆ.

ಇದೇ ಗತಿ ‘ಮಹಿಳಾ ಯಕ್ಷಗಾನ’ ಎಂಬ ಪಟ್ಟಿಯದ್ದೂ. ವಿದ್ಯಾ ಕೋಳ್ಯೂರು, ಪೂರ್ಣಿಮಾ ಯತೀಶ್ ರೈ ಅಂಥವರು ತಂಡ ಕಟ್ಟಿ, ಕಲಿಸಿ, ಹೆಣ್ಣುಮಕ್ಕಳು ಪುಂಡುವೇಷವನ್ನೂ ಬಣ್ಣದ ವೇಷವನ್ನೂ ನಿರ್ವಹಿಸಬಲ್ಲರೆಂದು ತೋರಿಸಿದ್ದಾರೆ. ಮೂಡುಬಿದಿರೆಯ ಆಳ್ವಾಸ್‌ನ ಧೀಂಗಿಣ ಯಕ್ಷಗಾನ ಅಧ್ಯಯನ ಕೇಂದ್ರದಲ್ಲಿ ಹುಡುಗ ಹುಡುಗಿಯರು ಒಂದೇ ರಂಗದಲ್ಲಿ ಕುಣಿಯುತ್ತಾರೆ. ಶಾಲೆಗಳ ಯಕ್ಷಶಿಕ್ಷಣದಲ್ಲಿ ಹುಡುಗಿಯರು ಮುಂದಿನ ಸಾಲಿನಲ್ಲೇ ಇದ್ದಾರೆ. ಮಹಿಳಾ ತಂಡ ಎಂಬ ಹೆಸರು ಒಂದು ಕಾಲಕ್ಕೆ ಬಾಗಿಲು ತೆರೆದದ್ದು ನಿಜ. ಹುಡುಗಿಯನ್ನು ಕಳಿಸಲು ಹೆದರುವ ತಾಯಿ ತಂದೆಗೆ ಅದು ಧೈರ್ಯ ಕೊಟ್ಟಿತು. ಈಗ ಅದೇ ಹೆಸರು ಮೂಲೆಯೂ ಆಗುತ್ತಿದೆ. ಮಹಿಳಾ ತಂಡವೆಂದರೆ ಸಂಜೆಯ ಎರಡು ಗಂಟೆ, ಸಭಾಕಾರ್ಯಕ್ರಮಕ್ಕೆ ಮುಂಚೆ, ಗೌರವಧನ ಲಕೋಟೆಯಲ್ಲಿ, ಚೌಕಾಸಿಗೆ ಅವಕಾಶವಿಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚುವ ವೃತ್ತಿಮೇಳದವನಿಗೆ ಆರು ತಿಂಗಳ ತಿರುಗಾಟದ ಸಂಬಳವಿದೆ, ಹರಕೆ ಆಟದ ಸಾಲಿದೆ. ಹುಡುಗಿಗೆ ಗಣೇಶೋತ್ಸವ, ನವರಾತ್ರಿಯ ಬಿಡಿ ಕಾರ್ಯಕ್ರಮ. ಯಾವ ಆಟಕ್ಕೂ ‘ಪುರುಷ ಯಕ್ಷಗಾನ’ ಎಂದು ಫಲಕ ಹಾಕಿದ್ದನ್ನು ನೀವು ನೋಡಿರಲಿಕ್ಕಿಲ್ಲ.

ಭರತನಾಟ್ಯದಲ್ಲಿ ಕಷ್ಟ ಬೇರೆ ತರಹದ್ದು. ಬಂಟ್ವಾಳ, ಬಿ.ಸಿ.ರೋಡು, ಕಲ್ಲಡ್ಕ, ವಿಟ್ಲ, ಗುರುವಾಯನಕೆರೆ, ಎಲ್ಲಿ ಹೋದರೂ ದೇವಸ್ಥಾನದ ಸಭಾಭವನದಲ್ಲೋ ಅಂಗಡಿಯ ಮಾಳಿಗೆಯಲ್ಲೋ ತರಗತಿ ಇರುತ್ತದೆ. ಕಲಿಯುವವರು ಹೆಚ್ಚಾಗಿ ಹುಡುಗಿಯರು, ಕಲಿಸುವವರಲ್ಲೂ ಹೆಂಗಸರೇ ಹೆಚ್ಚು. ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟುತ್ತಾರೆ, ಕೆಲವರು ವಿದ್ವತ್ತಿನವರೆಗೆ ಹೋಗುತ್ತಾರೆ. ಬೀಡಿ ಸುತ್ತಿ ಉಳಿಸಿದ ದುಡ್ಡಿನಲ್ಲಿ ಮಗಳ ಗೆಜ್ಜೆ ಕೊಂಡ ತಾಯಂದಿರನ್ನು ನಾನು ಬಲ್ಲೆ. ಇಲ್ಲಿ ಬಾಗಿಲು ಮುಚ್ಚಿಲ್ಲ. ಆದರೂ ಪಿಯುಸಿ ಬಂದಾಗ ಅರ್ಧ ತರಗತಿ ಖಾಲಿಯಾಗುತ್ತದೆ, ಮದುವೆಯ ಹೊತ್ತಿಗೆ ಉಳಿದರ್ಧವೂ. ಎಷ್ಟೋ ಮನೆಗಳಲ್ಲಿ ರಂಗಪ್ರವೇಶವೇ ಬೀಳ್ಕೊಡುಗೆ. ಸಾಲ ಮಾಡಿ ಮಂಟಪ ಕಟ್ಟಿ, ಆಲ್ಬಮ್ ಮಾಡಿಸಿ, ಗೆಜ್ಜೆಯನ್ನು ಕಪಾಟಿಗೆ ಸೇರಿಸುತ್ತಾರೆ. ಮಾರ್ಗದ ವರ್ಣದಲ್ಲಿ ನಾಯಿಕೆ ಕಾಯುತ್ತಾಳೆ, ಅದು ಹೆಣ್ಣನ್ನು ಕೀಳಾಗಿಸುತ್ತದೆ ಎಂಬ ಟೀಕೆಯನ್ನು ಕೇಳಿದ್ದೇವೆ. ಮದ್ರಾಸಿನಲ್ಲಿ ಚಂದ್ರಲೇಖಾ 1985ರಲ್ಲಿ ‘ಆಂಗಿಕ’ ಕಟ್ಟಿದಾಗ ದೇವರು, ನಾಯಕ, ಆಭರಣ ಎಲ್ಲವನ್ನೂ ಕಳಚಿ ಮೈಯ ಶಕ್ತಿಯನ್ನೇ ಮುಂದಿಟ್ಟರು. ಅದು ದೊಡ್ಡ ಕೆಲಸ, ಅದರಿಂದ ಕಲಿಯಬೇಕು. ಆದರೆ ಬಂಟ್ವಾಳದ ಹುಡುಗಿಗೆ ಕಾಯುವ ನಾಯಿಕೆಯಿಂದ ಅಷ್ಟು ತೊಂದರೆ ಆಗಿಲ್ಲ. ಬಾಲಸರಸ್ವತಿ ಅಂಥ ನಾಯಿಕೆಯನ್ನೇ ಅಭಿನಯಿಸಿ ಕೊನೆಯವರೆಗೂ ಸ್ವತಂತ್ರವಾಗಿ ನಿಂತರು. ನಮ್ಮ ಹುಡುಗಿಗೆ ತೊಂದರೆಯಾದದ್ದು ಇಪ್ಪತ್ತೆರಡರ ಮೇಲೆ ಕುಣಿಯಲು ಸಮಯ, ದುಡ್ಡು, ಒಪ್ಪಿಗೆ ಇಲ್ಲದೆ. ವಸ್ತು ಸ್ತ್ರೀವಾದಿಯಾಗಿದೆಯೇ ಎಂದು ನೋಡುವವರು ಕುಣಿದವಳು ಐದು ವರ್ಷದ ಮೇಲೆ ಎಲ್ಲಿದ್ದಾಳೆ ಎಂದೂ ವಿಚಾರಿಸಬೇಕು.

ಕಲಾವಿದೆಯರು ‘ನಾನು ಸ್ತ್ರೀವಾದಿ ಅಲ್ಲ’ ಎಂದು ಏಕೆ ಹೇಳುತ್ತಾರೆ ಎಂಬುದಕ್ಕೆ ಈಗ ಬರಬಹುದು. ಹೌದು ಎಂದರೆ ಅವಳಿಗೆ ಸಿಗುವುದು ಒಂದು ಸಂಕಿರಣದ ಆಮಂತ್ರಣ. ಕಳೆದುಕೊಳ್ಳುವುದು ಯಜಮಾನರ, ಗುರುಗಳ, ಗಂಡನ ಮನೆಯವರ ಒಲವು. ಮುಂದಿನ ಆಟ ಸಿಗುವುದು ಇವರಿಂದಲೇ. ಆ ‘ಅಲ್ಲ’ ಎಂಬುದರಲ್ಲಿ ಅಜ್ಞಾನವಿಲ್ಲ, ಬದುಕಿನ ಲೆಕ್ಕಾಚಾರವಿದೆ. ಅದನ್ನು ತಿದ್ದಲು ಹೋಗುವುದು ಅನ್ಯಾಯ. ಹೌದು ಎಂದು ಹೇಳಿದರೂ ಏನನ್ನೂ ಕಳೆದುಕೊಳ್ಳದ ನಾವು, ಸಂಬಳವಿರುವ ಅಧ್ಯಾಪಕರು, ದತ್ತಿ ಸ್ಥಾಪಿಸಬಲ್ಲ ಮನೆತನಗಳು, ದೇವಸ್ಥಾನಗಳ ಆಡಳಿತದಲ್ಲಿರುವವರು, ಆ ಮಾತನ್ನು ನಮ್ಮ ಮೇಲೆ ಹೊತ್ತುಕೊಳ್ಳಬೇಕು. ಹೊತ್ತುಕೊಂಡ ಮೇಲೆ ಉತ್ತರವನ್ನೂ ಕೊಡಬೇಕು: ಚೌಕಿಯಲ್ಲಿ ಬೇರೆ ಕೋಣೆ ಇದೆಯೇ, ಶೌಚಾಲಯ ಇದೆಯೇ, ಆಟ ಮುಗಿದ ಮೇಲೆ ಹುಡುಗಿ ಮನೆ ತಲುಪುವುದು ಹೇಗೆ, ಲಕೋಟೆಯಲ್ಲಿ ಎಷ್ಟಿದೆ, ಗಂಡು ಕಲಾವಿದನದ್ದರಲ್ಲಿ ಎಷ್ಟಿದೆ, ಸಂಧಿ ಹೇಳಿದ ಅಮ್ಮನಿಗೆ ವೀಳ್ಯದ ಪಾಲು ಸೇರಿತೇ?

ಹುಡುಗಿಯರು ಈಗ ಚೆಂಡೆಯನ್ನೂ ಮದ್ದಳೆಯನ್ನೂ ಕಲಿಯುತ್ತಿದ್ದಾರೆ. ಹಿಮ್ಮೇಳಕ್ಕೆ ಬಣ್ಣ ಹಚ್ಚುವುದಿಲ್ಲ, ಕಚ್ಚೆ ಕಟ್ಟುವುದಿಲ್ಲ, ದೇವಿಯ ವೇಷ ಮುಟ್ಟುವುದಿಲ್ಲ. ಹುಡುಕಿ ಹೇಳುವ ಎಲ್ಲ ಕಾರಣಗಳೂ ಅಲ್ಲಿ ದುರ್ಬಲವಾಗುತ್ತವೆ. ನಮ್ಮ ಈ ಮೂರು ತಾಲೂಕುಗಳಿಂದ ಹೊರಡುವ, ಇಲ್ಲಿ ಆಟ ಆಡುವ ಮೇಳಗಳು ಪತ್ತನಾಜೆ ಕಳೆದು ಮುಂದಿನ ತಿರುಗಾಟಕ್ಕೆ ಕಲಾವಿದರನ್ನು ಗೊತ್ತುಮಾಡುವಾಗ, ಪೂರ್ಣ ಅವಧಿಗೆ, ಗಂಡಿಗೆ ಕೊಡುವ ಸಂಬಳಕ್ಕೇ, ಹಿಮ್ಮೇಳದಲ್ಲಿ ಒಬ್ಬ ಹೆಣ್ಣುಮಗಳನ್ನು ಸೇರಿಸಿಕೊಳ್ಳಲಿ ಎಂದು ನಾನು ಈ ವೇದಿಕೆಯಿಂದ ಕೇಳುತ್ತಿದ್ದೇನೆ. ಅವಳನ್ನು ಪ್ರಥಮ ಎಂದು ಸನ್ಮಾನಿಸುವುದು ಬೇಡ. ಅವಳು ತಾಳ ತಪ್ಪಿದ ದಿನ ಚೌಕಿಯಲ್ಲಿ ಎಲ್ಲರಿಗೂ ಬೀಳುವ ಬೈಗುಳ ಅವಳಿಗೂ ಬೀಳಲಿ, ಚೆನ್ನಾಗಿ ನುಡಿಸಿದ ದಿನ ಬೆಳಗಿನ ಚಹಾದ ಹೊತ್ತಿಗೆ ಅವಳ ಕೈಯ ಮಾತು ಬರಲಿ.